ಮಾಯಾ ಜನರ ಆಕಾಶವೂ ಹೊಲವೂ

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಖಗೋಳವಿಜ್ಞಾನವು ಬೇಸಾಯದ ಅಗತ್ಯದಿಂದಲೇ ಬೆಳೆಯಿತೆಂದು ಹೇಳುವುದು ವಾಡಿಕೆ. ಪುರೋಹಿತನು ಗ್ರಹಗತಿಯನ್ನು ಗಣಿಸಿ ಬಿತ್ತನೆಯ ದಿನವನ್ನು ಸಾರಿದನು, ರೈತನು ಅದರಂತೆ ನಡೆದನು ಎಂಬುದು ಇದರ ತಾತ್ಪರ್ಯ. ಈ ಮಾತನ್ನು ಇಷ್ಟು ಸುಲಭವಾಗಿ ಒಪ್ಪುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಅವರ ‘ಹಾಬ್’ ವರ್ಷವನ್ನೇ ನೋಡಿರಿ. 20 ದಿನಗಳ 18 ತಿಂಗಳು, ಕೊನೆಯಲ್ಲಿ 5 ದಿನ, ಒಟ್ಟು 365. ಅಧಿಕ ದಿನವನ್ನು ಸೇರಿಸಿ ಸರಿದೂಗಿಸುವ ಪದ್ಧತಿ ಅದರಲ್ಲಿ ಕಾಣದು. ಋತುಚಕ್ರವಾದರೋ ಸುಮಾರು 365¼ ದಿನಗಳದು. ಆದುದರಿಂದ 120 ವರ್ಷಗಳ ಹಿಂದಿನ ಪೂರ್ವಿಕನು ಬಿತ್ತಿದ ತಿಥಿಯನ್ನೇ ಹಿಡಿದು ಬಿತ್ತುವವನು, ಮಳೆಗೆ ಒಂದು ತಿಂಗಳು ಮೊದಲೇ ಬೀಜವನ್ನು ಒಣಮಣ್ಣಿಗೆ ಹಾಕಿದಂತಾಗುತ್ತಿತ್ತು! ಇನ್ನು ಡ್ರೆಸ್ಡೆನ್ ನಗರದಲ್ಲಿರುವ ಮಾಯಾ ಗ್ರಂಥದ ಶುಕ್ರಗಣಿತ. ಶುಕ್ರನ 584 ದಿನಗಳ ಐದು ಆವೃತ್ತಿಗಳು ಎಂಟು ಹಾಬ್‌ಗಳಿಗೆ, ಎಂದರೆ 2920 ದಿನಗಳಿಗೆ, ಸಮನೆಂದು ಅವರು ಅರಿತಿದ್ದರು. ಅದ್ಭುತವಾದ ಲೆಕ್ಕ, ಆದರೆ ಅದು ಶಕುನಕ್ಕಾಗಿ ಮಾಡಿದ್ದು, ಬಿತ್ತನೆಗಾಗಿ ಅಲ್ಲ.

ರೈತನಿಗೆ ಬೇಕಾದ ಆಕಾಶವು ಸರಳವಾದುದು. 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯನು ಖಮಧ್ಯಕ್ಕೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರದು. ಮಳೆಗಾಲ ಮೇ ತಿಂಗಳಲ್ಲಿ ಮೊದಲಾಗುತ್ತದೆ. (ಬೆಂಗಳೂರಿನ ವಿದ್ಯಾರ್ಥಿಗಳು ಏಪ್ರಿಲ್ 24ರ ಸುಮಾರಿಗೆ ಇದನ್ನು ತಾವೇ ನೋಡಬಹುದು.)

ಹೊಲದ ವಿದ್ಯೆಗೆ ನಾವು ತಕ್ಕ ಮನ್ನಣೆ ಕೊಟ್ಟಿಲ್ಲ. ನೇಗಿಲಿಲ್ಲ, ಎತ್ತಿಲ್ಲ, ಮೊನಚಾದ ಕೋಲಿನಿಂದ ಗುಳಿಮಾಡಿ ಬೀಜ ಹಾಕುತ್ತಿದ್ದರು. ಮುಸುಕಿನ ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುವುದು. ಅದರ ಬೇರಿನ ಸೂಕ್ಷ್ಮಜೀವಿಗಳು ಗಾಳಿಯ ನೈಟ್ರೋಜನ್ನನ್ನು ಹಿಡಿದಿಡುವುವು. ಕುಂಬಳದ ಎಲೆ ನೆಲಕ್ಕೆ ನೆರಳಾಗುವುದು. ಇವರದು ಬರಿಯ ಕುಮರಿ ಬೇಸಾಯವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಕಾರಾಕೋಲಿನ ಗುಡ್ಡಗಳ ಮೆಟ್ಟಿಲು ಹೊಲಗಳು, ಬೆಲೀಜಿನ ಜೌಗಿನಲ್ಲಿ ಕಾಲುವೆ ತೋಡಿ ಎತ್ತರಿಸಿದ ಮಡಿಗಳು, ಟಿಕಾಲಿನ ಕೆರೆಗಳು ಆ ನಂಬಿಕೆಯನ್ನು ಅಳಿಸಿದುವು. 2018ರಲ್ಲಿ ಪ್ರಕಟವಾದ ಲೇಸರ್ ಸಮೀಕ್ಷೆಯು ಗ್ವಾಟೆಮಾಲದ ಕಾಡಿನಡಿಯಲ್ಲಿ ಇಂಥವನ್ನು ಇನ್ನೂ ಹೇರಳವಾಗಿ ತೋರಿಸಿತು. 9ನೆಯ ಶತಮಾನದ ದೀರ್ಘ ಬರಗಾಲಗಳಲ್ಲಿ ದಕ್ಷಿಣದ ನಗರಗಳು ಪಾಳುಬಿದ್ದುದಕ್ಕೆ ಯುದ್ಧವೇ ಮೊದಲಾದ ಬೇರೆ ಕಾರಣಗಳೂ ಉಂಟು. ಶುಕ್ರಗಣಿತವು ತಪ್ಪಿದ್ದು ಮಾತ್ರ ಕಾರಣವಲ್ಲ.

1562ರಲ್ಲಿ ಡಿಯೇಗೊ ದೆ ಲಾಂಡ ಎಂಬ ಸ್ಪೇನಿನ ಪಾದ್ರಿಯು ಮಾನಿ ಊರಿನಲ್ಲಿ ಮಾಯಾ ಗ್ರಂಥಗಳನ್ನು ಸುಡಿಸಿದನು. ಇಂದು ಉಳಿದಿರುವುವು ನಾಲ್ಕು ಮಾತ್ರ. ಜೋಳ, ಬೀನ್ಸ್, ಕುಂಬಳಗಳನ್ನು ಒಟ್ಟಿಗೆ ಬೆಳೆಯುವ ಕ್ರಮವು ಯುಕಟಾನಿನ ಮಾಯಾ ಹಳ್ಳಿಗಳಲ್ಲಿ ಈಗಲೂ ನಡೆದಿದೆ.