ಓಡುವ ಅಕ್ಷರ, ಎಡವುವ ಓದುಗ

ಇತ್ತೀಚೆಗೆ ನಗರದ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಕುಳಿತಿದ್ದೆ. ಗೋಡೆಯ ಪರದೆಯ ಮೇಲೆ ಕನ್ನಡದ ಸೂಚನೆಯೊಂದು ಬಲದಿಂದ ಎಡಕ್ಕೆ ಓಡುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ಅರ್ಧ ಓದುವಷ್ಟರಲ್ಲಿ ಸಾಲು ಮರೆಯಾಗುತ್ತಿತ್ತು. ಮೂರನೆಯ ಸುತ್ತಿನಲ್ಲೂ ಸೋತ ಅವರು, ‘ರಕ್ತಪರೀಕ್ಷೆಗೆ ಯಾವ ಕೊಠಡಿ ಅಂತ ಸ್ವಲ್ಪ ನೋಡಿ ಹೇಳ್ತೀರಾ ಸ್ವಾಮಿ?’ ಎಂದು ಸಂಕೋಚದಿಂದ ಕೇಳಿದರು. ಓದು ಬಲ್ಲವರನ್ನೂ ನಿರಕ್ಷರಿಯಾಗಿಸುವ ಆ ಪರದೆ ಯಾರ ಸಲುವಾಗಿ ಎಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಚಲಿಸುವ ಅಕ್ಷರ ತನ್ನಷ್ಟಕ್ಕೆ ಅಪರಾಧಿಯಲ್ಲ. 1959ರಲ್ಲಿ ತೆರೆಕಂಡ ಹಿಚ್‌ಕಾಕ್ ಅವರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರದ ಶೀರ್ಷಿಕೆಗಳನ್ನು ಸಾಲ್ ಬಾಸ್ ಕಟ್ಟಡದ ಗೆರೆಗಳಗುಂಟ ಏರಿಳಿಯುವಂತೆ ರೂಪಿಸಿದಾಗ, ಅಕ್ಷರವೂ ಅಭಿನಯಿಸಬಲ್ಲದೆಂಬುದು ಸಾಬೀತಾಯಿತು. ಆದರೆ ಅಲ್ಲಿನ ಹೆಸರುಗಳು ಬಂದು ನಿಲ್ಲುತ್ತವೆ. ಓದಲು ಬಿಡುವು ಕೊಟ್ಟ ಬಳಿಕವೇ ಸರಿಯುತ್ತವೆ.

ಕನ್ನಡದ ಸಂಕಷ್ಟ ವೇಗವೊಂದರದೇ ಅಲ್ಲ. ರೋಮನ್ ಲಿಪಿಯನ್ನು ಮಾದರಿಯಾಗಿಟ್ಟುಕೊಂಡ ಚಲನವಿನ್ಯಾಸಗಳು ಅಕ್ಷರವನ್ನು ಬಿಡಿ ಮಣಿಯೆಂದೇ ಭಾವಿಸುತ್ತವೆ. ನಮ್ಮದು ಕಾಗುಣಿತ, ಒತ್ತಕ್ಷರಗಳು ಕೂಡಿದ ಲಿಪಿ. ಯೂನಿಕೋಡ್‌ನಲ್ಲಿ ‘ಮಂತ್ರಿ’ ಎಂಬ ಪದ ಆರು ಸಂಕೇತಗಳ ಸರಣಿ. ಬೆರಳಚ್ಚಿನ ಮಾದರಿಯಲ್ಲಿ ಅವನ್ನು ಒಂದೊಂದಾಗಿ ತೋರಿಸಿದರೆ ‘ಮಂತ’, ‘ಮಂತ್’, ‘ಮಂತ್ರ’ಗಳನ್ನು ದಾಟಿಯೇ ಮಂತ್ರಿ ಪದವಿಗೇರಬೇಕಾಗುತ್ತದೆ! ಒತ್ತಿಗೆ ಜಾಗವಿಡದೆ ಚೌಕಟ್ಟು ಹಾಕಿದರಂತೂ ಅಕ್ಷರದ ಬುಡವೇ ಕತ್ತರಿಸಿಹೋಗುತ್ತದೆ.

ತಾನಾಗಿ ಆರಂಭವಾಗಿ, ಐದು ಸೆಕೆಂಡಿಗೂ ಮೀರಿ, ಇತರ ಮಾಹಿತಿಯ ಜೊತೆಜೊತೆಗೇ ಚಲಿಸುವ ಪಠ್ಯವನ್ನು ತಡೆಯಲು ಓದುಗನಿಗೆ ಅವಕಾಶವಿರಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದು ಜಾಲತಾಣಗಳಿಗೆ ಅನ್ವಯಿಸುವ ಮಾತು. ಗೋಡೆಯ ಪರದೆಯನ್ನು ಓದುಗ ತಡೆದು ನಿಲ್ಲಿಸಲಾರ. ಆದ್ದರಿಂದಲೇ ಅಲ್ಲಿ ಹೊಣೆ ಇನ್ನೂ ಹೆಚ್ಚು.

ಚಿತ್ರಗೀತೆಗೆ, ಜಾಹೀರಾತಿಗೆ ಅಕ್ಷರ ಕುಣಿಯಲಿ, ಬೇಡವೆನ್ನುವವರಾರು? ಆಗಲೂ ಪದವನ್ನೋ ಇಡಿಯ ಅಕ್ಷರವನ್ನೋ ಘಟಕವಾಗಿಸಬೇಕು, ಒತ್ತನ್ನು ಒಡೆಯಬಾರದು. ಆದರೆ ಕೊಠಡಿ ಸಂಖ್ಯೆ, ರೈಲಿನ ವೇಳೆ, ಅಪಾಯದ ಎಚ್ಚರಿಕೆಗಳು ನಿಂತೇ ಮಾತನಾಡಬೇಕು. ಸಾರ್ವಜನಿಕ ಪರದೆಗಳ ಗುತ್ತಿಗೆ ನೀಡುವ ಸಂಸ್ಥೆಗಳು ಹಣ ಪಾವತಿಸುವ ಮುನ್ನ ಅವುಗಳ ಮುಂದೆ ಹಿರಿಯರೊಬ್ಬರನ್ನು ಕೂರಿಸಿ ಓದಿಸಲಿ. ಅವರು ಮೊದಲ ಸುತ್ತಿನಲ್ಲೇ ಓದಿ ಮುಗಿಸಿದರೆ ವಿನ್ಯಾಸ ಗೆದ್ದಂತೆ. ಪಕ್ಕದವರನ್ನು ಕೇಳಬೇಕಾಗಿ ಬಂದರೆ, ಸೋತವರು ಖಂಡಿತ ಅವರಲ್ಲ.