ನಡುವೆ ಪಠ್ಯಕ್ರಮ ಬದಲಿಸುವ ಮುನ್ನ



ಬೇಸಿಗೆಯ ರಜೆ ಮುಗಿಯುತ್ತ ಬಂದಂತೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಎಷ್ಟೋ ಮನೆಗಳಲ್ಲಿ ಒಂದೇ ಸಮಾಲೋಚನೆ ನಡೆಯುತ್ತದೆ. ಐದನೆಯ ಅಥವಾ ಏಳನೆಯ ತರಗತಿ ಮುಗಿಸಿದ ಮಗುವನ್ನು ಊರಿನ ಕನ್ನಡ ಶಾಲೆಯಿಂದ ಬಿಡಿಸಿ, ಕೇಂದ್ರ ಪಠ್ಯಕ್ರಮದ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಬೇಕೇ, ಬೇಡವೇ? ಶುಲ್ಕವೆಷ್ಟು, ಶಾಲೆಯ ಬಸ್ಸು ಯಾವ ದಾರಿಯಲ್ಲಿ ಬರುತ್ತದೆ, ನೆಂಟರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂಬುದನ್ನೆಲ್ಲ ವಿಚಾರಿಸುತ್ತಾರೆ. ಮಗುವಿಗೆ ಭಿನ್ನರಾಶಿ ಬರುತ್ತದೆಯೇ ಎಂದು ಕೇಳುವವರು ವಿರಳ.

ಪರಿಣಾಮವು ಮೊದಲ ಕಿರುಪರೀಕ್ಷೆಯಲ್ಲಿ ಕಾಣುತ್ತದೆ. ಹಳೆಯ ಶಾಲೆಯಲ್ಲಿ ಮುಂದಿದ್ದ ಮಗು ಹೊಸ ತರಗತಿಯಲ್ಲಿ ಬಾಯಿ ಬಿಡದೆ ಕುಳಿತಿರುತ್ತದೆ. ‘ಇವಳಿಗೆ ಗಣಿತ ಹತ್ತುವುದಿಲ್ಲ’ ಎಂಬ ಮಾತು ಒಮ್ಮೆ ಹುಟ್ಟಿತೆಂದರೆ, ಹೆಣ್ಣುಮಕ್ಕಳ ವಿಷಯದಲ್ಲಂತೂ, ಮುಂದೆ ವಿಜ್ಞಾನ ಓದಿಸುವ ಮಾತನ್ನೇ ಮನೆಯವರು ಎತ್ತುವುದಿಲ್ಲ. ಹನ್ನೊಂದು ವರ್ಷದ ಮಗುವಿನ ಮುಂದಿನ ದಾರಿ ಹೀಗೆ ಒಂದು ಆಗಸ್ಟ್ ತಿಂಗಳಿನಲ್ಲಿ ತೀರ್ಮಾನವಾಗಿಬಿಡುವುದು ಅನ್ಯಾಯ.

ಗಣಿತ ಮತ್ತು ವಿಜ್ಞಾನಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವಾದರೂ ಪಠ್ಯಕ್ರಮ ಬದಲಾದಾಗ ಅವೆರಡೂ ಒಂದೇ ರೀತಿಯಲ್ಲಿ ತೊಂದರೆ ಕೊಡುವುದಿಲ್ಲ. ವಿಜ್ಞಾನದ ಪಾಠಗಳು ಮರಳಿ ಮರಳಿ ಬರುತ್ತವೆ. ಸಸ್ಯದ ಆಹಾರ, ಬೆಳಕು, ವಿದ್ಯುತ್ತು ಈ ವರ್ಷ ತಪ್ಪಿದರೂ ಒಂದೆರಡು ವರ್ಷಗಳಲ್ಲಿ ಇನ್ನಷ್ಟು ವಿಸ್ತಾರವಾಗಿ ಮತ್ತೆ ಎದುರಾಗುತ್ತವೆ. ಗಣಿತದಲ್ಲಿ ಹಾಗಿಲ್ಲ. ಭಿನ್ನರಾಶಿ ತಿಳಿಯದವನಿಗೆ ಅನುಪಾತ ತಿಳಿಯದು, ಅನುಪಾತ ತಿಳಿಯದವನಿಗೆ ಶೇಕಡಾ ಲೆಕ್ಕ ಬರಿಯ ಬಾಯಿಪಾಠ. ಎಂಟನೆಯ ತರಗತಿಯ ಭಾಗಲಬ್ಧ ಸಂಖ್ಯೆಗಳಂತೂ ಕಬ್ಬಿಣದ ಕಡಲೆ. ಆದುದರಿಂದ ಹೊಸ ಶಾಲೆಯ ಪುಸ್ತಕವನ್ನು ಮುಂಚಿತವಾಗಿ ತಂದು ಮೊದಲ ಅಧ್ಯಾಯದಿಂದ ಓದಿಸುವ ಆತುರ ಬೇಡ. ಹಿಂದಿನ ತರಗತಿಯ ಪುಸ್ತಕವನ್ನು ತೆರೆಯಿರಿ.

ಒಂದು ಸಂಜೆ ಅಂಕಗಳ ಮಾತೆತ್ತದೆ ಮಗುವಿಗೆ ನಾಲ್ಕು ಲೆಕ್ಕ ಕೊಟ್ಟು ನೋಡಬಹುದು. 1005ನ್ನು 5ರಿಂದ ಭಾಗಿಸಿದರೆ ಎಷ್ಟು? ಉತ್ತರ 201; 21 ಎಂದು ಬರೆದರೆ ಸೊನ್ನೆಯ ಸ್ಥಾನಬೆಲೆ ಇನ್ನೂ ತಿಳಿದಿಲ್ಲ. 0.5 ದೊಡ್ಡದೋ, 0.35 ದೊಡ್ಡದೋ? ಮೂವತ್ತೈದು ಐದಕ್ಕಿಂತ ದೊಡ್ಡದಲ್ಲವೇ ಎಂದು ಎರಡನೆಯದನ್ನು ತೋರಿಸುವ ಮಕ್ಕಳು ಬಹಳ. 3/4ಕ್ಕೆ 1/6 ಕೂಡಿಸಿದರೆ 11/12 ಬರಬೇಕು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 4/10 ಎಂದರೆ ಭಿನ್ನರಾಶಿಯ ಅರ್ಥವೇ ಮನಸ್ಸಿಗೆ ಇಳಿದಿಲ್ಲ. ಕೊನೆಯದು ಶಿಡ್ಲಘಟ್ಟದವರಿಗೆ ಅಪರಿಚಿತವಲ್ಲ: ಏಳು ಕಿಲೋ ಗೂಡಿಗೆ ಒಂದು ಕಿಲೋ ರೇಷ್ಮೆ ಬರುವುದಾದರೆ ಐದು ಕಿಲೋ ರೇಷ್ಮೆಗೆ ಎಷ್ಟು ಗೂಡು ಬೇಕು? ಎಲ್ಲಿ ತಡವರಿಸಿದರೋ ಅಲ್ಲಿಂದಲೇ ಆರಂಭಿಸಿ. ಅದು ನಾಲ್ಕನೆಯ ತರಗತಿಯ ಪಾಠವಾದರೂ ಸಂಕೋಚಪಡಬೇಕಾಗಿಲ್ಲ.

ಎರಡನೆಯ ತೊಡಕು ಪದಗಳದು. ನಮ್ಮ ಗಡಿ ಭಾಗದ ಅನೇಕ ಮನೆಗಳ ಆಡುಮಾತು ತೆಲುಗು. ಅಂಥ ಮಗುವಿಗೆ ಮನೆಯಲ್ಲಿ ‘ಮುಪ್ಪಾವು’, ಕನ್ನಡ ಶಾಲೆಯಲ್ಲಿ ‘ಮುಕ್ಕಾಲು’, ಹೊಸ ಶಾಲೆಯಲ್ಲಿ ‘ಥ್ರೀ ಬೈ ಫೋರ್’. ವಸ್ತು ಒಂದೇ ಎಂದು ಯಾರಾದರೂ ಹೇಳದ ಹೊರತು ಮಗುವಿಗೆ ಹೇಗೆ ತಿಳಿಯಬೇಕು? ಲಸಾಅ ಚೆನ್ನಾಗಿ ಮಾಡುತ್ತಿದ್ದ ಮಗು ಎಲ್.ಸಿ.ಎಂ. ಎಂದಾಗ ಹೊಸದೇನೋ ಬಂತೆಂದು ಹೆದರುತ್ತದೆ. ನಮ್ಮ ರಾಜ್ಯದ ಗಣಿತ, ವಿಜ್ಞಾನ ಪಠ್ಯಪುಸ್ತಕಗಳು ಕನ್ನಡ ಮತ್ತು ಆಂಗ್ಲ ಮಾಧ್ಯಮಗಳೆರಡರಲ್ಲೂ ಅಚ್ಚಾಗುತ್ತವೆ. ಒಂದೇ ತರಗತಿಯ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು, ರಜೆಯಲ್ಲಿ ದಿನಕ್ಕೆ ಐದು ಪದದಂತೆ ಮಗುವಿನ ಕೈಯಿಂದಲೇ ಬರೆಸಿದರೆ ಸಾಕು, ಹಣ ಕೊಟ್ಟು ಪಾಠ ಹೇಳಿಸಬೇಕಾಗಿಲ್ಲ. ವಿಜ್ಞಾನಕ್ಕೆ ನಮ್ಮ ಹುಳುಮನೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಟ್ಟು, ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುವುದನ್ನು ಕಂಡ ಮಗುವಿಗೆ ರೂಪಪರಿವರ್ತನೆಯ ಪಾಠ ಯಾವ ಭಾಷೆಯಲ್ಲಿದ್ದರೂ ಅರ್ಥವಾದೀತು.

ಈ ವಿಷಯದಲ್ಲಿ ನವೋದಯ ವಿದ್ಯಾಲಯಗಳ ಕ್ರಮ ನನಗೆ ಸರಿಯೆನಿಸುತ್ತದೆ. ಹಳ್ಳಿಯ ಮಕ್ಕಳನ್ನು ಆರನೆಯ ತರಗತಿಗೆ ಸೇರಿಸಿಕೊಂಡು ಕೇಂದ್ರ ಪಠ್ಯಕ್ರಮ ಬೋಧಿಸುವ ಈ ಶಾಲೆಗಳ ನಿಯಮದಂತೆ ಆರಂಭದ ವರ್ಷಗಳ ಕಲಿಕೆ ಪ್ರಾದೇಶಿಕ ಭಾಷೆಯಲ್ಲಿ. ಆ ನಂತರವೇ ಗಣಿತ, ವಿಜ್ಞಾನಗಳು ಇಂಗ್ಲಿಷಿಗೆ ತಿರುಗುತ್ತವೆ. ಪುಸ್ತಕ ಮೊದಲು, ಭಾಷೆ ಆಮೇಲೆ. ನಾವಾದರೋ ಪುಸ್ತಕ, ಭಾಷೆ, ಊರು, ಕೆಲವೊಮ್ಮೆ ಮನೆಯ ಊಟವನ್ನೂ ಒಂದೇ ಜೂನ್ ತಿಂಗಳಲ್ಲಿ ಬದಲಿಸುತ್ತೇವೆ. ಬದಲಿಸಲೇಬೇಕೆಂದಿದ್ದರೆ ಆರನೆಯ ತರಗತಿಯಲ್ಲಿ ಬದಲಿಸಿ. ಅಲ್ಲಿ ಸಂಖ್ಯೆ, ಭಿನ್ನರಾಶಿಗಳನ್ನು ಮತ್ತೊಮ್ಮೆ ಬುಡದಿಂದ ಎತ್ತಿಕೊಳ್ಳುತ್ತಾರೆ. ಎಂಟರಲ್ಲಿ ಬೀಜಗಣಿತ ಬಿರುಸಾಗಿರುತ್ತದೆ, ಹಿಂದಿರುಗಿ ನೋಡಲು ಪುರಸೊತ್ತಿಲ್ಲ. ಅಣ್ಣನ ಹಳೆಯ ಪುಸ್ತಕ ತಮ್ಮನಿಗೆ ಸಾಕೆಂದೂ ಭಾವಿಸಬೇಡಿ; ಎನ್.ಸಿ.ಇ.ಆರ್.ಟಿ. 2024ರಲ್ಲಿ ಆರನೆಯ ತರಗತಿಗೆ, 2025ರಲ್ಲಿ ಏಳು ಮತ್ತು ಎಂಟನೆಯ ತರಗತಿಗಳಿಗೆ ಹೊಸ ಪುಸ್ತಕಗಳನ್ನು ತಂದಿದೆ.

ಬದಲಿಸಲೇಬೇಕೇ ಎಂಬ ಪ್ರಶ್ನೆಯೂ ಉಳಿದಿದೆ. ರಾಜ್ಯ ಪಠ್ಯಕ್ರಮದಲ್ಲಿ ಓದಿದರೆ ಮುಂದೆ ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳಲ್ಲಿ ಹಿಂದುಳಿಯುತ್ತಾರೆಂಬ ಭಯವೇ ಅನೇಕರನ್ನು ಅವಸರಪಡಿಸುತ್ತಿದೆ. ಆದರೆ ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ನಮ್ಮ ರಾಜ್ಯವು 2012–13ರಿಂದಲೇ ಎನ್.ಸಿ.ಇ.ಆರ್.ಟಿ. ಪಠ್ಯವನ್ನು ಅಳವಡಿಸಿಕೊಂಡಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಾಲೆಯಲ್ಲಿ ಕಲಿತ ಬಡ ಹುಡುಗನೊಬ್ಬ 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಿ, ಮುಂದೆ ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದುದು ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಸಂಗತಿಯೇ, ಅವರೇ ಎಚ್. ನರಸಿಂಹಯ್ಯನವರು.

ಇತ್ತೀಚೆಗೆ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ದಂಪತಿಗಳೂ ಅಲ್ಲಲ್ಲಿ ಇದ್ದಾರೆ. ಇದೇನೂ ಹೊಸತಲ್ಲ. ಭಾರತರತ್ನ ಸಿ.ಎನ್.ಆರ್. ರಾವ್ ಅವರು ಪ್ರಾಥಮಿಕ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಾಯಿಯೇ ಮನೆಯಲ್ಲಿ ಅಂಕಗಣಿತ ಹೇಳಿಕೊಟ್ಟರು. 1940ರಲ್ಲಿ ನೇರವಾಗಿ ಮಾಧ್ಯಮಿಕ ಶಾಲೆಗೆ ಸೇರಿದಾಗ ತರಗತಿಗೆಲ್ಲ ಕಿರಿಯರಾಗಿದ್ದ ಅವರು ಸಹಪಾಠಿಗಳಿಗೆ ಗಣಿತ ಹೇಳಿಕೊಡುತ್ತಿದ್ದರಂತೆ. ಬುನಾದಿ ಗಟ್ಟಿಯಿದ್ದಾಗ ಶಾಲೆ ಹೊಸದಾದರೂ ನಡೆಯುತ್ತದೆ. ಮನೆಯಲ್ಲಿ ಕಲಿಸುವವರಿಗೆ ಒಂದೇ ಸಲಹೆ: ವರ್ಷಕ್ಕೊಂದು ಗಣಿತ ಪುಸ್ತಕಮಾಲೆ ಬದಲಿಸಬೇಡಿ. ಒಂದರಲ್ಲಿ ಭಿನ್ನರಾಶಿ ಮುಂದೆ, ಇನ್ನೊಂದರಲ್ಲಿ ಹಿಂದೆ; ನಡುವೆ ಮಗು ಅದನ್ನು ಓದದೆಯೇ ದಾಟಿಬಿಡುತ್ತದೆ. ಮರಳಿ ಶಾಲೆಗೆ ಸೇರಿಸಬೇಕೆನಿಸಿದರೆ ಅಂಜಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಆರರಿಂದ ಹದಿನಾಲ್ಕರೊಳಗಿನ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ಪಡೆಯುವುದೂ ಮಗುವಿನ ಹಕ್ಕು. ಮನೆಯಲ್ಲಿಯೇ ಮುಂದುವರಿಯುವವರು ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಗೆ ನೋಂದಾಯಿಸಬಹುದು. ಅದಕ್ಕೆ ಜನನ ಪ್ರಮಾಣಪತ್ರವನ್ನು ಈಗಲೇ ಸರಿಪಡಿಸಿ ಇಟ್ಟುಕೊಳ್ಳುವುದು ಒಳಿತು.