ಅದೇ ಜಾಗ, ಇನ್ನೊಂದು ಚಿತ್ರ

ಈ ಸಂಚಿಕೆಗೆ ‘ನಮ್ಮೂರ ನೆಲ’ದ ಫೋಟೊಗಳನ್ನು ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಬಂದವುಗಳಲ್ಲಿ ಬಹುಪಾಲು ಮುಳ್ಳಯ್ಯನಗಿರಿಯ ಮಂಜು, ಜೋಗದ ಮಳೆಗಾಲ, ಹಂಪಿಯ ಮಾತಂಗ ಬೆಟ್ಟದ ಸೂರ್ಯೋದಯ. ಕಳಿಸಿದವರ ವಿಳಾಸ ನೋಡಿದರೆ ಒಬ್ಬರದು ಅರಸೀಕೆರೆ, ಇನ್ನೊಬ್ಬರದು ಸಿಂಧನೂರು! ಚಿತ್ರಗಳೇನೋ ಚೆನ್ನಾಗಿವೆ. ಆದರೆ ಮನೆಯಿಂದ ಚಪ್ಪಲಿ ಮೆಟ್ಟಿ ಹೊರಟರೆ ಸಿಗುವ ಕೆರೆ, ಗೋಮಾಳ, ಗುಂಡುತೋಪು ಯಾರ ಕ್ಯಾಮೆರಾಗೂ ಯಾಕೆ ಬೀಳಲಿಲ್ಲ?

ಹಂಪಿಯ ಪ್ರಸ್ತಾಪ ಬಂದದ್ದರಿಂದ ಅಲ್ಲಿಯದೇ ಒಂದು ಸಂಗತಿ ಹೇಳುತ್ತೇನೆ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿನ ಗುಡಿ ಮಂಟಪಗಳ ಫೋಟೊ ತೆಗೆದ. ಆಗಿನದು ಮೇಣ ಸವರಿದ ಕಾಗದದ ನೆಗೆಟಿವ್. ಬಿಂಬ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕು. ಅವನ ಚಿತ್ರದಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ನಿಮ್ಮ ಜೇಬಿನಲ್ಲಿ ಹೊಸ 50 ರೂಪಾಯಿಯ ನೋಟಿದ್ದರೆ ತೆಗೆದು ಹಿಂಬದಿ ನೋಡಿ: ಅದೇ ರಥ, ಗೋಪುರ ಮಾತ್ರ ಇಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ಎಲ್ಲೆಲ್ಲಿ ಕ್ಯಾಮೆರಾ ಊರಿದ್ದನೋ ಆ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಯಾವ ಗೋಡೆ ಬಿದ್ದಿದೆ, ಯಾವುದು ಉಳಿದಿದೆ ಎಂಬುದು ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

2011ರಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಿಂದ ಮನೆ, ಅಂಗಡಿಗಳನ್ನು ತೆರವು ಮಾಡಿದರು. ಆ ಬೀದಿಯಲ್ಲಿ ಅದಕ್ಕೂ ಮೊದಲು ಫೋಟೊ ತೆಗೆದವರು ಲೆಕ್ಕವಿಲ್ಲದಷ್ಟು ಮಂದಿ. ಅಂಗಡಿ, ವೈರು, ಒಣಹಾಕಿದ ಬಟ್ಟೆ ಅಡ್ಡ ಬರುತ್ತವೆಂದು ಬರೀ ಗೋಪುರ ಹಿಡಿದವರ ಆಲ್ಬಮ್ಮಿನಲ್ಲಿ ಅಲ್ಲಿ ಬಾಳಿದವರ ಸುಳಿವಿಲ್ಲ. ಅಂದು ಬೇಡವೆಂದು ಬಿಟ್ಟದ್ದಕ್ಕೇ ಇಂದು ಬೆಲೆ.

ನನ್ನ ತಿರುಗಾಟ ಕೋಲಾರದ ಕಡೆಯ ಕೆರೆ ಏರಿಗಳ ಮೇಲೆ. ಬೈಕಿನಲ್ಲಿ ಹೋದರೆ ಏರಿ ಎಂದರೆ ಒಂದು ತಿರುವು, ಅಷ್ಟೆ. ನಡೆದರೆ ಕೋಡಿ ಎಲ್ಲಿ ಮುಚ್ಚಿಹೋಗಿದೆ, ಕೆರೆಗೆ ನೀರು ತರುವ ಕಾಲುವೆಯನ್ನು ಯಾವ ರಸ್ತೆ ತುಂಡರಿಸಿದೆ ಎಂಬುದೆಲ್ಲ ಕಾಣುತ್ತದೆ. ಕುತ್ತಿಗೆಯಲ್ಲಿ ಕ್ಯಾಮೆರಾ ಕಂಡವರ ಮೊದಲ ಪ್ರಶ್ನೆ, “ಏನ್ ಸಾರ್, ಸರ್ವೇಗೆ ಬಂದಿದ್ದೀರಾ? ಲೇಔಟ್ ಏನಾದ್ರೂ ಬರ್ತೈತಾ?” ಅದೇನಿಲ್ಲ ಎಂದು ನಂಬಿಸಿದ ಮೇಲೆ ಕುರಿ ಕಾಯುತ್ತಿದ್ದ ಯಜಮಾನರೊಬ್ಬರು ಕೋಲೆತ್ತಿ ತೂಬಿನ ಜೋಡಿ ಕಲ್ಲುಕಂಬ ತೋರಿಸಿದರು. “ಆ ಅಡ್ಡಗಲ್ಲು ಐತಲ್ಲ, ನನ್ನ ಮದ್ವೆ ವರ್ಷ ಅಲ್ಲೀಗಂಟ ನೀರು. ಆಮ್ಯಾಕೆ ಬರೀ ಜಾಲಿ.” ನಾನು ಆಗ ತೆಗೆದ ಚಿತ್ರದಲ್ಲಿ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ, ಕಂಬಗಳು ಮುಳ್ಳಿನ ನಡುವೆ ಅರ್ಧ ಮರೆಯಾಗಿವೆ.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅದೇ ಏರಿಯಿಂದ, ಅದೇ ಕಂಬಗಳನ್ನು ಸೇರಿಸಿ ಮತ್ತೆ ತೆಗೆದ ಚಿತ್ರದಲ್ಲಿ ನೀರು ಅಡ್ಡಗಲ್ಲಿನ ಸಮೀಪಕ್ಕೆ ಬಂದಿದೆ. ಕೊಳೆತು ಕಪ್ಪಾದ ಜಾಲಿಯ ಕೊಂಬೆ ನೀರಿನಿಂದ ಮೇಲೆದ್ದಿದೆ. ಅದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದೆ. ಚಿತ್ರವನ್ನಷ್ಟೇ ನೋಡಿದವರು ಒಳ್ಳೆಯ ಮಳೆಯಾಯಿತು ಎಂದುಕೊಂಡಾರು. ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂತೆಂಬ ಸಂತೋಷ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂಬ ತಕರಾರು, ಎರಡೂ ಏರಿಯ ಮೇಲೆ ನಡೆದವರ ಕಿವಿಗೆ ಬೀಳುತ್ತವೆ. ಕ್ಯಾಮೆರಾಗೆ ಕಾಣದ್ದನ್ನು ಅಲ್ಲಿ ಸಿಕ್ಕವರು ಹೇಳುತ್ತಾರೆ. ಅವರು ಮರೆಯುವುದನ್ನು ಚಿತ್ರ ಇಟ್ಟುಕೊಳ್ಳುತ್ತದೆ. ಹುಟ್ಟಿದ ಊರೇ ಆದರೂ ಹೀಗೆ ಹೋಗಿ ಬಂದು ಮಾಡದೆ ಅದರ ನೆಲದ ಪರಿಚಯವಾಗದು ಎಂದು ನನಗೀಗ ಅನ್ನಿಸುತ್ತದೆ.

ಆದ್ದರಿಂದ ಓದುಗರಲ್ಲಿ ಮತ್ತೆ ಕೇಳಿಕೊಳ್ಳುತ್ತಿದ್ದೇವೆ. ಮನೆಯಿಂದ ನಡೆದೇ ಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಪೇಟೆಯವರಾದರೆ ರಾಜಕಾಲುವೆಯೋ ಖಾಲಿ ಸೈಟೋ ಆದೀತು. ಬಂಡೆ, ತೂಬು, ಅರಳಿಕಟ್ಟೆ, ಹೀಗೆ ಕದಲದ ಗುರುತೊಂದು ಚೌಕಟ್ಟಿನಲ್ಲಿರಲಿ. ಬೇಸಿಗೆಯಲ್ಲೊಮ್ಮೆ, ಮುಂಗಾರಿನಲ್ಲೊಮ್ಮೆ, ಸುಗ್ಗಿಯಲ್ಲೊಮ್ಮೆ ಅಲ್ಲೇ ನಿಂತು ತೆಗೆಯಿರಿ. ಮೊಬೈಲ್ ಸಾಕು. ಕರೆಂಟು ಕಂಬವನ್ನು, ಪ್ಲಾಸ್ಟಿಕ್ ರಾಶಿಯನ್ನು ಕತ್ತರಿಸಬೇಡಿ, ಬಣ್ಣ ತಿದ್ದಬೇಡಿ. ಯಾರ ಮುಖವನ್ನಾದರೂ ತೆಗೆಯುವ ಮುನ್ನ ಅವರನ್ನು ಕೇಳಿ. ಎಲ್ಲಿ ನಿಂತಿದ್ದಿರಿ, ಯಾವ ದಿನಾಂಕ, ಅಲ್ಲಿ ಸಿಕ್ಕವರು ಏನೆಂದರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಲಗತ್ತಿಸಿ. ಅತಿ ಚಂದದ ಚಿತ್ರಕ್ಕೆಂದು ಬಹುಮಾನ ಇಟ್ಟಿಲ್ಲ. ಎರಡನೆಯ ಸಲ ಹೋಗಿ ಬಂದವರಿಗೆ ಪುಟಗಳು ಮೀಸಲಾಗಿವೆ.